ದಾದಿಯ ಮೆಂತ್ಯದ ನೀರು

ದೇವರಾಯಸಮುದ್ರದ ನಮ್ಮ ಮನೆಯಲ್ಲಿ ದಾದಿ ದಿನಾ ರಾತ್ರಿ ಒಂದು ಚಮಚ ಮೆಂತ್ಯ ನೆನೆಹಾಕುತ್ತಾರೆ. ಬೆಳಿಗ್ಗೆ ನೀರು ಕುಡಿದು, ಕಾಳನ್ನು ಕರಿಬೇವಿನ ಗಿಡದ ಬುಡಕ್ಕೆ ಚೆಲ್ಲುತ್ತಿದ್ದರು. ಕಳೆದ ವರ್ಷ ಯಾರಿಗೂ ಹೇಳದೆ ಸಕ್ಕರೆ ಕಾಯಿಲೆಯ ಗುಳಿಗೆ ನಿಲ್ಲಿಸಿಬಿಟ್ಟರು. "ಮೇಥಿ ಇದೆಯಲ್ಲ ಬೇಟಾ, ಗುಳಿಗೆ ಯಾಕೆ?" ಎರಡೇ ವಾರಕ್ಕೆ ತಲೆಸುತ್ತು, ವಿಪರೀತ ಬಾಯಾರಿಕೆ. ಪರೀಕ್ಷೆ ಮಾಡಿಸಿದರೆ ಸಕ್ಕರೆ 300 ದಾಟಿತ್ತು.

ಹಾಗಾದರೆ ಮೆಂತ್ಯದ ಮಾತು ಸುಳ್ಳೇ? ಜೀವಶಾಸ್ತ್ರದ ವಿದ್ಯಾರ್ಥಿಯಾಗಿ ಹುಡುಕಲು ಕೂತೆ. ಸುಳ್ಳಲ್ಲ.

ನೆನೆದ ಕಾಳನ್ನು ಬೆರಳಲ್ಲಿ ಉಜ್ಜಿ ನೋಡಿ, ಲೋಳೆ ಅಂಟುತ್ತದೆ. ಅದು ಗ್ಯಾಲಕ್ಟೊಮನ್ನನ್ ಎಂಬ ಕರಗುವ ನಾರು. ಹೊಟ್ಟೆಯಲ್ಲಿ ಅದು ಗಂಜಿಯಂತೆ ಗಟ್ಟಿಯಾಗಿ, ಅನ್ನ ಮುದ್ದೆಯ ಗ್ಲೂಕೋಸ್ ಒಮ್ಮೆಲೇ ರಕ್ತಕ್ಕೆ ನುಗ್ಗದಂತೆ ತಡೆಯುತ್ತದೆ. ಮೆಂತ್ಯದಲ್ಲಿ 4-ಹೈಡ್ರಾಕ್ಸಿ ಐಸೋಲ್ಯೂಸಿನ್ ಎಂಬ ಅಮೈನೋ ಆಮ್ಲವೂ ಇದೆ. ಪ್ರಯೋಗಾಲಯದಲ್ಲಿ ಗ್ಲೂಕೋಸ್ ಹೆಚ್ಚಿದ್ದಾಗ ಅದು ಬೀಟಾ ಕೋಶಗಳಿಂದ ಇನ್ಸುಲಿನ್ ಹೆಚ್ಚು ಹೊರಬರುವಂತೆ ಮಾಡಿದೆ.

ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿ ಕೆ. ಶ್ರೀನಿವಾಸನ್ 2005ರಲ್ಲಿ ಅಲ್ಲಿಯವರೆಗಿನ ಸಂಶೋಧನೆಗಳನ್ನು ಒಟ್ಟಾಗಿ ಪರಿಶೀಲಿಸಿದರು. ಮೆಂತ್ಯ, ಬೆಳ್ಳುಳ್ಳಿ, ಈರುಳ್ಳಿ, ಅರಿಶಿನಕ್ಕೆ ಪ್ರಯೋಗದ ಆಧಾರ ಇದೆ. ಜೀರಿಗೆ, ಶುಂಠಿ, ಸಾಸಿವೆ, ಕರಿಬೇವು, ಕೊತ್ತಂಬರಿಗೆ ಇರುವ ಆಧಾರ ಕಡಿಮೆ. ನಮ್ಮ ಮಸಾಲೆ ಡಬ್ಬಿಯೇ ಅಲ್ಲಿದೆ!

ಆದರೆ ಪ್ರಮಾಣ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಟೈಪ್ 1 ರೋಗಿಗಳಿಗೆ ಹತ್ತು ದಿನ ಕೊಟ್ಟದ್ದು ದಿನಕ್ಕೆ 100 ಗ್ರಾಂ ಎಣ್ಣೆ ತೆಗೆದ ಮೆಂತ್ಯದ ಪುಡಿ. ಮೂತ್ರದಲ್ಲಿ ಹೋಗುವ ಗ್ಲೂಕೋಸ್ ಶೇ. 54 ಇಳಿಯಿತು. ಮುಂದೆ ಟೈಪ್ 2 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ದಿನಕ್ಕೆ 25 ಗ್ರಾಂ, ಅಂದರೆ ಸುಮಾರು ಆರು ಚಮಚ. ಮುಳಬಾಗಿಲು ದೋಸೆಯ ಹಿಟ್ಟಿಗೆ ಬೀಳುವ ಚಿಟಿಕೆ ಮೆಂತ್ಯ ಇದರ ಹತ್ತಿರವೂ ಬರುವುದಿಲ್ಲ. ದಾದಿಯ ಒಂದು ಚಮಚವೂ ಅಷ್ಟೇ. ಅದರಲ್ಲೂ ಅವರು ನಾರಿನ ಬಹುಪಾಲನ್ನು ಗಿಡಕ್ಕೆ ಹಾಕುತ್ತಿದ್ದರು!

ಹಾಗೆಂದು ಆರು ಚಮಚ ತಿನ್ನಲು ಹೊರಡಬೇಡಿ. ಗುಳಿಗೆಯ ಜೊತೆ ಹೆಚ್ಚು ಮೆಂತ್ಯ ಸೇರಿದರೆ ಸಕ್ಕರೆ ಅತಿಯಾಗಿ ಇಳಿಯಬಹುದು, ಡಾಕ್ಟರಿಗೆ ಮೊದಲೇ ತಿಳಿಸಬೇಕು. ನಾವೂ ತಿಳಿಸಿದೆವು.

ಈಗ ಗುಳಿಗೆ ಕೊಡುವ ಕೆಲಸ ನನ್ನದು. ದಾದಿ ಗುಳಿಗೆ ನುಂಗಿ, ನೆನೆದ ಕಾಳನ್ನೂ ಅಗಿದು ತಿನ್ನುತ್ತಾರೆ. ಕಹಿ ಅಂತ ಬೈಯುವುದು ಮಾತ್ರ ನನಗೆ.