ನಾಯಕಿಯ ಮುಖ ನುಂಗಿದ ಗಾಜು!

ಖಳನಾಯಕ ನಾಯಕಿಯನ್ನು ಅಪಹರಿಸಿದ್ದನ್ನು ನೀವು ತೆರೆಯ ಮೇಲೆ ನೂರು ಸಲ ನೋಡಿದ್ದೀರಿ. ಎಂಟುನೂರು ರೂಪಾಯಿಯ ಒಂದು ಗಾಜು ನಾಯಕಿಯ ಮುಖವನ್ನು ಅಪಹರಿಸಿದ್ದನ್ನು ಕೇಳಿದ್ದೀರಾ? ಆ ಗಾಜು ನನ್ನದು. ಜಾಗ ನಮ್ಮ ಕೋಟ.

ಮಳೆಗಾಲ ಮುಗಿಯುತ್ತಾ ಬಂದಿತ್ತು. ಬೆಂಗಳೂರಿನಿಂದ ಒಂದು ಸಣ್ಣ ಯೂನಿಟ್ ಬಂದು ಇಲ್ಲಿ ಔಟ್‌ಡೋರ್ ನಡೆಸುತ್ತಿತ್ತು. ಸ್ಟಿಲ್ ಫೋಟೋಗ್ರಾಫರಿಗೆ ಜ್ವರ. "ಕ್ಯಾಮೆರಾ ಇರೋ ಹುಡುಗ ಯಾರಾದ್ರೂ ಇದ್ದಾರಾ?" ಎಂದು ವಿಚಾರಿಸಿದಾಗ ಯಾರೋ ನನ್ನ ಹೆಸರು ಹೇಳಿದರು. ಪಿಯುಸಿ ಅರ್ಧಕ್ಕೆ ಬಿಟ್ಟು, ಅಲ್ಲಿ ಇಲ್ಲಿ ಸಿನಿಮಾ ಸುದ್ದಿ ಬರೆದು ಬಸ್ ಚಾರ್ಜು ಹುಟ್ಟಿಸಿಕೊಳ್ಳುವ ನನಗೆ ಇದಕ್ಕಿಂತ ಇನ್ನೇನು ಬೇಕು? ದಿನಕ್ಕೆ ಮೂರು ಸಾವಿರ ಮಾತಾಯಿತು. ಚೆನ್ನಾಗಿ ಬಂದರೆ ಪೋಸ್ಟರಿಗೂ ನನ್ನದೇ ಸ್ಟಿಲ್ಲು!

ಹಿಂದಿನ ವಾರವಷ್ಟೇ ಒಂದು ಪೋಲರೈಸಿಂಗ್ ಫಿಲ್ಟರ್ ಕೊಂಡಿದ್ದೆ. ಲೆನ್ಸಿನ ಮೂತಿಗೆ ತಿರುಗಿಸಿ ಹಾಕುವ ಕಪ್ಪು ಗಾಜು. ಅದನ್ನು ಹಾಕಿಕೊಂಡೇ ಮದಗದ ದಂಡೆಗೆ ಹೋದೆ. ನಾಯಕಿ ಮುರಕಲ್ಲಿನ ಮೆಟ್ಟಿಲ ಮೇಲೆ ಕೂತು ನೀರಿನತ್ತ ಬಗ್ಗಿದ್ದಳು. ನಾನು ಗಾಜಿನ ಉಂಗುರ ತಿರುಗಿಸಿದೆ... ಆಹಾ! ನೀರಿನ ಮೇಲಿನ ಬಿಳಿ ಹೊಳಪೆಲ್ಲ ಮಾಯ! ತಳದ ಕೆಸರು, ನೈದಿಲೆಯ ದಂಟು, ಮೀನಿನ ಮರಿ ಎಲ್ಲ ಕನ್ನಡಿಯಷ್ಟು ಸ್ಪಷ್ಟ. ಪಕ್ಕದಲ್ಲಿ ನಿಂತಿದ್ದ ಊರಿನ ಮಾಣಿಯೊಬ್ಬನಿಗೆ ತೋರಿಸಿದೆ. "ಹ್ವಾಯ್, ಮೀನ್ ಕಾಂತ್!" ಎಂದು ಕುಣಿದ. ಆ ಹುರುಪಿನಲ್ಲಿ ನಲವತ್ತು ಫೋಟೋ ಹೊಡೆದೆ.

ಸಂಜೆ ಡೈರೆಕ್ಟರು ಲ್ಯಾಪ್‌ಟಾಪಿನಲ್ಲಿ ನೋಡಿದರು. ಒಂದು, ಎರಡು, ಹತ್ತು... ಮುಖ ಕೆಂಪಗಾಯಿತು.

"ಏನ್ರೀ ಇದು? ನೀರಲ್ಲಿ ಅವಳ ಮುಖ ಎಲ್ರೀ? ಸತ್ತ ಅಕ್ಕನ ಮುಖ ಅವಳಿಗೆ ನೀರಲ್ಲಿ ಕಾಣೋದೇ ಸೀನು! ಮೀನು ಹಿಡಿಯೋಕೆ ಕರೆಸಿದ್ನಾ ನಿಮ್ಮನ್ನ?"

ನಾನು ಕಥೆಯನ್ನೇ ಕೇಳಿರಲಿಲ್ಲ. ಅಷ್ಟರಲ್ಲಿ ಕತ್ತಲಾಗಿತ್ತು. ಮಾರನೇ ದಿನ ಯೂನಿಟ್ ಗಂಟು ಕಟ್ಟಿತು. ಮೂರು ಸಾವಿರವೂ ಇಲ್ಲ, ಪೋಸ್ಟರೂ ಇಲ್ಲ.

ಕುಂದಾಪುರದಲ್ಲಿ ಸ್ಟುಡಿಯೋ ಇಟ್ಟಿರುವ ಅಣ್ಣನ ಹತ್ತಿರ ಹೋಗಿ ಅತ್ತುಕೊಂಡೆ. ಅವರು ನಗುತ್ತಾ ಹೇಳಿದ್ದನ್ನೇ ನಿಮಗೆ ಹೇಳುತ್ತೇನೆ.

ಬೆಳಕು ಎಲ್ಲ ದಿಕ್ಕಿಗೂ ಅಲುಗಾಡುತ್ತಾ ಬರುತ್ತದೆ. ನೀರಿಗೆ ಬಡಿದು ಹಾರಿದ ಬೆಳಕು ಮಾತ್ರ ಹೆಚ್ಚಾಗಿ ಅಡ್ಡಡ್ಡ ಅಲುಗುತ್ತದೆ. ಗದ್ದೆ ಬದಿಯ ದಣಪೆ ನೋಡಿದ್ದೀರಲ್ಲ? ಅಡ್ಡ ಬಿದಿರುಗಳ ನಡುವೆ ಕೋಲನ್ನು ಅಡ್ಡ ಹಿಡಿದರೆ ದಾಟುತ್ತದೆ, ನೆಟ್ಟಗೆ ಹಿಡಿದರೆ ಸಿಕ್ಕಿಕೊಳ್ಳುತ್ತದೆ. ಈ ಗಾಜೂ ಹಾಗೇ ಒಂದು ದಣಪೆ. ಉಂಗುರ ತಿರುಗಿಸಿ ಅದನ್ನು ನೆಟ್ಟಗೆ ನಿಲ್ಲಿಸಿದರೆ ಅಡ್ಡ ಬಂದ ಹೊಳಪು ಹೊರಗೇ ಉಳಿಯುತ್ತದೆ. ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ ಹೊಳಪು ಪೂರ್ತಿ ಸಾಯುತ್ತದೆ. ನೇರ ಮೇಲಿನಿಂದ ಬಗ್ಗಿ ನೋಡಿದರೆ ಏನೂ ಆಗುವುದಿಲ್ಲ. ನನ್ನ ಗ್ರಹಚಾರಕ್ಕೆ ನಾನು ಮೆಟ್ಟಿಲ ಮೇಲಿನಿಂದ ಸರಿಯಾಗಿ ಆ ಓರೆಯಲ್ಲೇ ನಿಂತಿದ್ದೆ!

ಇದೇ ಉಪಾಯವನ್ನು ನಮ್ಮ ಸಿ.ವಿ. ರಾಮನ್ 1921ರಲ್ಲಿ ಹಡಗಿನ ಮೇಲೆ ಮಾಡಿದ್ದರು. ಇಂಗ್ಲೆಂಡಿನಿಂದ ಬರುವಾಗ ನಿಕೋಲ್ ಪ್ರಿಸಂ ಹಿಡಿದು ಕಡಲ ಮೇಲಿನ ಹೊಳಪನ್ನು ಅಳಿಸಿ ನೋಡಿದರು. ನೀಲಿ ಹೋಗಲಿಲ್ಲ! ಕಡಲಿನ ನೀಲಿ ಬರೀ ಆಕಾಶದ ಪ್ರತಿಬಿಂಬ ಅಲ್ಲ, ನೀರಿನದೇ ಎಂದು ತೋರಿಸಿದರು. ಅವರಿಗೆ ನೊಬೆಲ್ ಬಂದದ್ದು 1930ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮ ಕೋಟದ ಶಿವರಾಮ ಕಾರಂತರು 'ಡೊಮಿಂಗೊ' ಎಂಬ ಮೂಕಿ ಚಿತ್ರಕ್ಕೆ ಕೈಹಾಕಿದ್ದರು. ಅಮೆರಿಕದ ಎಡ್ವಿನ್ ಲ್ಯಾಂಡ್ ತೆಳು ಹಾಳೆಯ ಪೋಲರೈಸರಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1929ರಲ್ಲಿ. ಕಾರಂತರ ಕೈಗೆ ಅದು ಎಲ್ಲಿ ಸಿಗಬೇಕು! ಅವರದೇ 'ಚೋಮನ ದುಡಿ' 1975ರಲ್ಲಿ ತೆರೆಗೆ ಬಂದಾಗಲೂ ಕಪ್ಪು ಬಿಳುಪೇ. ಕಪ್ಪು ಬಿಳುಪಿನಲ್ಲಿ ಆಕಾಶ ಗಾಢವಾಗಬೇಕಾದರೆ ಹಳದಿಯೋ ಕೆಂಪೋ ಫಿಲ್ಟರ್ ಹಾಕಿದರೆ ಆಯಿತು. ಕಲರಿನಲ್ಲಿ ಕೆಂಪು ಹಾಕಿದರೆ ಹೀರೋನೂ ಕೆಂಪು, ಎಮ್ಮೆಯೂ ಕೆಂಪು! ಅದಕ್ಕೇ ಕಲರಿಗೆ ಈ ಗಾಜು.

ಸರಿ, ಕೊಳ್ಳುವುದು ಹೇಗೆ? 'ಕಾಂತಾರ' (2022) ಬಂದ ಮೇಲೆ ನಮ್ಮ ಕಡೆ ಕ್ಯಾಮೆರಾ ಹೆಗಲಿಗೇರಿಸಿದ ಹುಡುಗರು ಜಾಸ್ತಿ. ಅವರಿಗಾಗಿ ಹೇಳುತ್ತೇನೆ.

ಲೆನ್ಸಿನ ಮೇಲೆ ಗೀಟು ಹಾಕಿದ ಸೊನ್ನೆಯ ಪಕ್ಕ 52, 58, 67, 77 ಹೀಗೆ ಒಂದು ಸಂಖ್ಯೆ ಇರುತ್ತದೆ. ಅದು ಮಿಲಿಮೀಟರಿನಲ್ಲಿ ಫಿಲ್ಟರಿನ ಅಳತೆ. ನಿಮ್ಮಲ್ಲಿ ಎರಡು ಮೂರು ಲೆನ್ಸ್ ಇದ್ದರೆ ದೊಡ್ಡದರ ಅಳತೆಗೇ ಒಂದು ಒಳ್ಳೇ ಗಾಜು ತಗೊಂಡು ಉಳಿದವಕ್ಕೆ ಸ್ಟೆಪ್-ಅಪ್ ರಿಂಗ್ ಹಾಕಿ. ಮೂರು ಕಳಪೆಗಿಂತ ಒಂದು ಒಳ್ಳೇದು ಅಗ್ಗ. ಲೀನಿಯರ್, ಸರ್ಕ್ಯುಲರ್ ಎಂದು ಎರಡು ಜಾತಿ. ಕನ್ನಡಿ ಇರುವ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಲೀನಿಯರ್ ಹಾಕಿದರೆ ಫೋಕಸ್ಸೂ ಬೆಳಕಿನ ಅಳತೆಯೂ ತಪ್ಪಬಹುದು. ಸರ್ಕ್ಯುಲರ್ ಕೇಳಿ, ಸಿಪಿಎಲ್ ಎಂದರೆ ಅದೇ. ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳಿಗೆ ಎರಡೂ ನಡೆಯುತ್ತದೆ.

ಅಂಗಡಿಯವರ ಮಾತು ನಂಬಬೇಡಿ, ಅವರ ಕ್ಯಾಲ್ಕುಲೇಟರ್ ಕೇಳಿ! ಗಾಜಿನ ಮುಂಭಾಗವನ್ನು ಕ್ಯಾಲ್ಕುಲೇಟರಿನ ಕಡೆ ಮಾಡಿ, ತಿರುಗಿಸುತ್ತಾ ನೋಡಿ. ಒಂದು ಹಂತದಲ್ಲಿ ಪರದೆಯೆಲ್ಲ ಕಪ್ಪಾಗಬೇಕು. ಆಗದಿದ್ದರೆ ಅದು ಬರೀ ಬಣ್ಣದ ಗಾಜು. ಈಗ ಮಗುಚಿ, ಮರೆ ಇರುವ ಹಿಂಭಾಗವನ್ನು ಕ್ಯಾಲ್ಕುಲೇಟರಿನ ಕಡೆ ಮಾಡಿ ನೋಡಿ. ಆಗಲೂ ಕಪ್ಪಾದರೆ ಲೀನಿಯರ್, ಆಗದಿದ್ದರೆ ಸರ್ಕ್ಯುಲರ್. ಆಮೇಲೆ ಒಂದು ಬಿಳಿ ಪಂಚೆಯನ್ನು ಗಾಜಿನ ಮೂಲಕ ನೋಡಿ. ನನ್ನ ಎಂಟುನೂರರ ಗಾಜಿನಲ್ಲಿ ಪಂಚೆ ಅರಿಸಿನದಲ್ಲಿ ಅದ್ದಿದ ಹಾಗಿತ್ತು!

ಒಳ್ಳೇ ಗಾಜೂ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಮೋಡದ ಸಂಜೆ ಹಾಕಿದರೆ ಕೈ ನಡುಗಿದ ಫೋಟೋ ಗ್ಯಾರಂಟಿ. ರಾತ್ರಿ ಯಕ್ಷಗಾನಕ್ಕೆ ಹೋಗುವಾಗ ಮನೆಯಲ್ಲೇ ಬಿಟ್ಟುಹೋಗಿ. ಲೋಹದ ಹೊಳಪಿನ ಮೇಲೂ ಇದರ ಆಟ ನಡೆಯದು.

ಆಕಾಶಕ್ಕೆ ಒಂದು ಲೆಕ್ಕ. ತೋರುಬೆರಳನ್ನು ಸೂರ್ಯನ ಕಡೆ ಚಾಚಿ, ಹೆಬ್ಬೆರಳನ್ನು ಅದಕ್ಕೆ ನೆಟ್ಟಗೆ ನಿಲ್ಲಿಸಿ ಕೈ ತಿರುಗಿಸಿ. ಹೆಬ್ಬೆರಳು ತೋರಿಸುವ ಕಡೆಯಲ್ಲೆಲ್ಲ ನೀಲಿ ಗಾಢವಾಗುತ್ತದೆ. ಆದರೆ ಅಗಲ ಲೆನ್ಸಿನಲ್ಲಿ ಪಡುಕೆರೆಯ ಇಡೀ ಆಕಾಶ ಹಿಡಿಯಲು ಹೋದಿರೋ, ನಡುವೆ ಕಪ್ಪು ಪಟ್ಟೆ, ಎರಡು ಬದಿ ಬಿಳಿಚು! ಕಾಮನಬಿಲ್ಲಿದ್ದರೆ ಹುಷಾರು. ತಪ್ಪಾಗಿ ತಿರುಗಿಸಿದರೆ ಅದೂ ಮಾಯ.

ಸಿನಿಮಾದವರಿಗೆ ಇದರ ದೊಡ್ಡ ಉಪಕಾರ ಕಾರಿನ ಸೀನಿನಲ್ಲಿ. ಮುಂದಿನ ಗಾಜಿನ ಮೇಲೆ ಮರ, ಆಕಾಶ ಹೊಳೆದು ಒಳಗಿನ ಹೀರೋ ಕಾಣದಿದ್ದಾಗ ಈ ಫಿಲ್ಟರ್ ತಿರುಗಿಸಿದರೆ ಮುಖ ಹೊರಬರುತ್ತದೆ. ಪಕ್ಕದ ಕಿಟಕಿಯ ಗಟ್ಟಿ ಗಾಜಿನಲ್ಲಿ ಮಾತ್ರ ಕೆಲವೊಮ್ಮೆ ಚುಕ್ಕೆ ಚುಕ್ಕೆ ಎದ್ದು ಮಾನ ಕಳೆಯುತ್ತದೆ. ಮಳೆಯಲ್ಲಿ ನೆಂದ ಎಲೆಯ ಬಿಳಿ ಹೊಳಪು ತೆಗೆದರೆ ಒಳಗಿನ ಹಸಿರು ಹೇಗೆ ಎದ್ದುಬರುತ್ತದೆಂದು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ, ನೀವೇ ನೋಡಬೇಕು.

ಆರು ತಿಂಗಳು ದುಡ್ಡು ಕೂಡಿಸಿ ಹೊಸ ಗಾಜು ತಂದೆ. ಕಡಲ ದಂಡೆಗೆ ಹೋಗಿ ಬಂದ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿಡುತ್ತೇನೆ. ಉಪ್ಪು, ಮರಳು ಸೇರಿದರೆ ಉಂಗುರ ತಿರುಗುವುದಿಲ್ಲ.

ಮೊನ್ನೆ ಮತ್ತೆ ಅದೇ ಮದಗದ ಮೆಟ್ಟಿಲಲ್ಲಿ ಕೂತೆ. ಒಂದು ಫೋಟೋ ಹೊಳಪು ಇಟ್ಟು, ಒಂದು ಹೊಳಪು ತೆಗೆದು. ಆ ಮಾಣಿ ಓಡಿಬಂದ. ಹಳೇ ಎಂಟುನೂರರ ಗಾಜು ಚೀಲದಲ್ಲೇ ಇತ್ತು, ಅವನ ಕೈಗೆ ಕೊಟ್ಟೆ. ಕಣ್ಣಿಗೆ ಹಿಡಿದು, ತಿರುಗಿಸಿ, ನೀರಿನತ್ತ ಬಗ್ಗಿದ.

"ಅಣ್ಣ, ಇದ್ರಗೆ ಕಾಂಬುಕೆ ಲಾಯ್ಕ್ ಇತ್ತ್! ನಂಗೇ ಇರ್ಲಾ?"

ಇರ್ಲಿ ಎಂದೆ.