ಏರಿ ಇಳಿಯುವ ಹನ್ನೊಂದು ಅಂಕಿ

ಮುಧೋಳ ಸೀಮೆಯ ಬೆಳಗಲಿಯಲ್ಲಿ ಜೈನ ಕವಿ ರನ್ನ ಹುಟ್ಟಿದ್ದು 949ರಲ್ಲಿ. ಅದಕ್ಕೆ ಸುಮಾರು ನೂರು ವರ್ಷ ಮುಂಚೆ, ಇದೇ ರಾಷ್ಟ್ರಕೂಟರ ಕಾಲದಲ್ಲಿ, ಇನ್ನೊಬ್ಬ ಜೈನ ವಿದ್ವಾಂಸ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿ ಒಂದು ಗಣಿತ ಗ್ರಂಥ ಬರೆದ. ಆತ ಮಹಾವೀರಾಚಾರ್ಯ, ಗ್ರಂಥ ‘ಗಣಿತಸಾರಸಂಗ್ರಹ’. ಸಂಸ್ಕೃತ ಪದ್ಯಗಳಲ್ಲಿರುವ ಈ ಪುಸ್ತಕದ ಗುಣಾಕಾರದ ಭಾಗದಲ್ಲಿ ಒಂದು ಲೆಕ್ಕವಿದೆ: 27994681ನ್ನು 441ರಿಂದ ಗುಣಿಸಬೇಕು.

ಉತ್ತರ 12345654321.

ನಮ್ಮ ರೂಢಿಯಲ್ಲಿ ಓದಿದರೆ ಇದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಮಹಾವೀರ ಇದನ್ನು ಹೇಳುವ ರೀತಿ ಇನ್ನೂ ಚಂದ: ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆ. ಅಂಕಿಯ ಬೆಲೆ ಅದು ಕೂತ ಸ್ಥಾನದಿಂದ ಬರುತ್ತದೆ ಎಂಬುದು ಓದುಗನಿಗೆ ಗೊತ್ತಿದ್ದರೆ ಮಾತ್ರ ಈ ವರ್ಣನೆಗೆ ಅರ್ಥ. ಆತ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ನಮ್ಮ ಸಂಖ್ಯೆಯ ಎಡತುದಿಯ ಒಂದು, ಹನ್ನೊಂದನೆಯದಾದ ಅರ್ಬುದ ಸ್ಥಾನದಲ್ಲಿದೆ.

ಇದು ಅಕಸ್ಮಾತ್ ಸಿಕ್ಕಿದ ಉತ್ತರವಲ್ಲ. 111111ನ್ನು ಅದರಿಂದಲೇ ಗುಣಿಸಿ ನೋಡಿ. ಒಂದರ ಕೆಳಗೊಂದು ಆರು ಸಾಲು, ಪ್ರತಿ ಸಾಲೂ ಬರೀ ಒಂದುಗಳು, ಪ್ರತಿ ಸಾಲೂ ಒಂದು ಮನೆ ಎಡಕ್ಕೆ. ಬಲತುದಿಯ ಕಂಬದಲ್ಲಿ ಒಂದೇ ಒಂದು, ಪಕ್ಕದ್ದರಲ್ಲಿ ಎರಡು, ನಡುವಿನ ಕಂಬದಲ್ಲಿ ಆರೂ ಸಾಲು ಸೇರುತ್ತವೆ, ಆಮೇಲೆ ಐದು, ನಾಲ್ಕು ಎಂದು ಇಳಿಯುತ್ತದೆ. ಎಲ್ಲೂ ದಶಕ ಏರಿಸುವ ಪ್ರಸಂಗವೇ ಬರುವುದಿಲ್ಲ. ಒಂಬತ್ತು ಒಂದುಗಳವರೆಗೂ ಈ ಅಂದ ಉಳಿಯುತ್ತದೆ. ಹತ್ತು ಒಂದುಗಳ ವರ್ಗದಲ್ಲಿ ನಡುವಿನ ಮೊತ್ತ ಹತ್ತಾಗಿ ದಶಕ ಎಡಕ್ಕೆ ಹರಿಯುತ್ತದೆ; ಉತ್ತರ 1234567900987654321 ಎಂದು ಕದಡಿಹೋಗುತ್ತದೆ.

ಹಾಗಾದರೆ ಮಹಾವೀರ ಆರಕ್ಕೇ ಏಕೆ ನಿಂತ? ಕಾರಣ ಅಪವರ್ತನಗಳಲ್ಲಿದೆ ಅನಿಸುತ್ತದೆ. ಐದು ಒಂದುಗಳನ್ನು ಒಡೆದರೆ 41 ಮತ್ತು 271, ಅಷ್ಟೇ. ಏಳು ಒಂದುಗಳಲ್ಲಿ 239 ಮತ್ತು 4649. ಆರು ಒಂದುಗಳು ಮಾತ್ರ ಧಾರಾಳಿ: 3, 7, 11, 13, 37. ಮೂರು ಮತ್ತು ಏಳನ್ನು ಗುಣಿಸಿದರೆ 21, ಅದರ ವರ್ಗ 441. ಉಳಿದ ಮೂರರ ಗುಣಲಬ್ಧ 5291, ಅದರ ವರ್ಗ 27994681. ಪ್ರಶ್ನೆಯಲ್ಲಿದ್ದ ಎರಡೂ ಸಂಖ್ಯೆಗಳು ವರ್ಗಗಳೇ! ಎರಡರಲ್ಲೂ ಏರಿಳಿತದ ಸುಳಿವಿಲ್ಲ. ಇದು ತುಂಬ ನುರಿತ ಕೈಯ ಕೆಲಸ.

ಐದೂ ಅವಿಭಾಜ್ಯಗಳು ಎರಡೆರಡು ಸಲ ಬರುವುದರಿಂದ 12345654321ಕ್ಕೆ ಒಟ್ಟು 243 ಭಾಜಕಗಳಿವೆ. ಅಂಕಿಗಳ ಮೊತ್ತ 36, ಅಂದರೆ ಆರರ ವರ್ಗ. ಇನ್ನೊಂದು ಗುಣ ಹೆಚ್ಚು ಬೆರಗಿನದು. ಹತ್ತರ ಬದಲು ಏಳು, ಎಂಟು ಅಥವಾ ಹದಿನಾರರ ಗುಂಪುಗಳಲ್ಲಿ ಎಣಿಸುವವರು ಈ ಹನ್ನೊಂದು ಅಂಕಿಗಳನ್ನು ತಮ್ಮ ಪದ್ಧತಿಯಂತೆ ಓದಿದರೂ ಅದು ಅವರ 111111ರ ವರ್ಗವೇ ಆಗಿರುತ್ತದೆ. ಆರಕ್ಕಿಂತ ದೊಡ್ಡ ಅಂಕಿ ಎಲ್ಲೂ ಇಲ್ಲದ್ದರಿಂದ ದಶಕದಂಥ ಏರಿಕೆ ಅಲ್ಲಿಯೂ ಬೇಕಾಗುವುದಿಲ್ಲ.

ಗುಣಾಕಾರದ ಅದೇ ಭಾಗದಲ್ಲಿ ಇಂಥ ಲೆಕ್ಕಗಳು ಇನ್ನೂ ಇವೆ. ಕೆಲವು ಉತ್ತರಗಳನ್ನು ಆತ ಕೊರಳ ಆಭರಣಗಳೆಂದೇ ಕರೆದಿದ್ದಾನೆ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ. ಅಲ್ಲಿ 11, 101 ಮತ್ತು 137 ಮೂರೂ 152207ರೊಳಗೆ ಅಡಗಿವೆ.