‘ಎಲ್ಲಾ ಬರುತ್ತೆ ಸಾರ್’ ಅಂದರೆ ತರಬೇತಿ ಬೇಡವೇ?

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಯಾವುದಾದರೂ ಪಂಚಾಯಿತಿಯ ನೀರುಗಂಟಿಗೆ ತರಬೇತಿ ಬೇಡಿಕೆಯ ಫಾರಂ ಕೊಟ್ಟು, ‘ಕ್ಲೋರಿನ್ ಹಾಕಲು ಬರುತ್ತದೆಯೇ?’ ಎಂದು ಕೇಳಿ. ವರ್ಷಗಟ್ಟಲೆ ಟ್ಯಾಂಕ್ ಹತ್ತಿ ಇಳಿದವರು ‘ಬರಲ್ಲ’ ಎಂದು ಬರೆದಾರೇ?

ನಂಬಿಕೆ: ಯಾವ ತರಬೇತಿ ಬೇಕೆಂದು ನೌಕರರನ್ನೇ ಕೇಳಿದರೆ ಸಾಕು.

ನಿಜ: ಕೇಳಲೇಬೇಕು, ಆದರೆ ಅಷ್ಟು ಸಾಲದು. ಕೆಲಸ ಸರಿಯಾಗಿ ಗೊತ್ತಿಲ್ಲದವರಿಗೆ ತಾವು ತಪ್ಪುತ್ತಿರುವುದೂ ಗೊತ್ತಾಗುವುದಿಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಡನ್ನಿಂಗ್ ಮತ್ತು ಕ್ರೂಗರ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಯಲ್ಲಿ ತೀರಾ ಹಿಂದೆ ಬಿದ್ದವರು ತಮ್ಮನ್ನು ಸರಾಸರಿಗಿಂತ ಮೇಲೆಂದು ಎಣಿಸಿದ್ದರು. ಮುಂದಿದ್ದವರು ತುಸು ಕಡಿಮೆಯೇ ಹೇಳಿಕೊಂಡಿದ್ದರು. ಹಾಗಾಗಿ ‘ಅಳತೆಯಲ್ಲಿ ನನಗೆ ಅನುಮಾನ’ ಎಂದು ಬರೆದವರನ್ನು ದಡ್ಡರ ಪಟ್ಟಿಗೆ ಸೇರಿಸಬೇಡಿ.

ಪ್ರಶ್ನೆಯನ್ನೇ ಬದಲಿಸಿ: ‘50,000 ಲೀಟರ್ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಎಷ್ಟು, ಹೇಗೆ ಹಾಕುತ್ತೀರಿ?’ 1,000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪೌಡರ್ ಎಂದರೆ 125 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನಷ್ಟೇ ಟ್ಯಾಂಕಿಗೆ ಸುರಿದು, ಅರ್ಧ ಗಂಟೆಯಾದರೂ ಕಾದು ವಾಲ್ವ್ ತಿರುಗಿಸಬೇಕು. ‘ಒಂದು ಬೊಗಸೆ ಎರಚ್ತೀನಿ’ ಎಂಬ ಉತ್ತರ ಬಂದರೆ ಪಾಠ ಎಲ್ಲಿಂದ ಶುರುವಾಗಬೇಕೆಂದು ತಿಳಿಯಿತು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ ಕಡೆ ಮಳೆಗಾಲದ ಕದಡಿದ ನೀರಿಗೆ ಈ ಲೆಕ್ಕವೂ ಸಾಲದು, ಅದು ಹೆಚ್ಚು ಕ್ಲೋರಿನ್ ನುಂಗುತ್ತದೆ. ಬೋರ್‌ವೆಲ್ ನೀರಿನ ಫ್ಲೋರೈಡ್ ಅಂತೂ ಎಷ್ಟು ಬ್ಲೀಚಿಂಗ್ ಹಾಕಿದರೂ ಹೋಗದು. ಮೂರೂ ತಾಲ್ಲೂಕಿಗೆ ಒಂದೇ ಪಾಠ ಒಪ್ಪಿಸುವವರು ಇದನ್ನು ಗಮನಿಸಬೇಕು.

ನಂಬಿಕೆ: ದೂರಿಲ್ಲ ಎಂದರೆ ಕೆಲಸ ಸರಿಯಾಗಿದೆ.

ನಿಜ: ಕ್ಲೋರಿನ್ ಹಾಕದ ದಿನ ಯಾರೂ ದೂರುವುದಿಲ್ಲ. ಹಾಕಿದ ದಿನ ‘ನೀರು ವಾಸನೆ ಕಣಯ್ಯಾ’ ಎಂದು ಬೈಗುಳ. ಬೈಸಿಕೊಂಡವನ ಕೈ ಮರುದಿನ ಬಿಗಿಯಾಗುತ್ತದೆ. ಜನರ ಅಭಿಪ್ರಾಯದ ಜೊತೆ ನಲ್ಲಿ ನೀರನ್ನೂ ಪರೀಕ್ಷಿಸಬೇಕು: ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ನಂಬಿಕೆ: ಕೊರತೆ ಕಂಡಲ್ಲೆಲ್ಲ ತರಬೇತಿಯೇ ಮದ್ದು.

ನಿಜ: ಬಾಯಿ ತೆರೆದಿಟ್ಟ ಚೀಲದ ಪೌಡರ್ ಸತ್ವ ಕಳೆದುಕೊಳ್ಳುತ್ತದೆ. ಗಾಳಿಯಾಡದ ಡಬ್ಬ ಕೊಡದೆ, ಪರೀಕ್ಷಾ ಕಿಟ್ಟಿನ ದ್ರಾವಣ ಮುಗಿದರೂ ತರಿಸದೆ, ಆಸಾಮಿಯನ್ನು ಶಿಬಿರಕ್ಕೆ ಅಟ್ಟಿದರೆ ಬಸ್ ಚಾರ್ಜೇ ದಂಡ.

ಇನ್ನು ಫಾರಂ ತುಂಬಿಸುವ ಜಾಗ. ಸಂಬಳದ ಬಿಲ್ಲಿಗೆ ಸಹಿ ಹಾಕುವವರ ಮೇಜಿನ ಮುಂದೆ ನಿಲ್ಲಿಸಿ ಕೇಳಿದರೆ ‘ಎಲ್ಲಾ ಬರುತ್ತೆ ಸಾರ್’ ಎಂಬುದೇ ಉತ್ತರ. ಟ್ಯಾಂಕಿನ ಬುಡದಲ್ಲಿ, ಪಕ್ಕದೂರಿನ ಹಳೆಯ ನೀರುಗಂಟಿ ಕೇಳಲಿ; ‘ಅಣ್ಣಾ, ಈ ಗ್ರಾಂ ಲೆಕ್ಕ ಒಂದ್ಸಲ ಹೇಳ್ಕೊಡು’ ಎಂಬ ಮಾತು ಅಲ್ಲಿ ಬರುತ್ತದೆ.